ಕಾಡು, ನಕ್ಷೆ, ದಿಕ್ಸೂಚಿ: ನಮ್ಮ ಓರಿಯೆಂಟಿಯರಿಂಗ್ ಕ್ಲಬ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಟಾಕ್‌ಹೋಮಿನ ದಕ್ಷಿಣ ಅಂಚಿನ ಒಂದು ಓರಿಯೆಂಟಿಯರಿಂಗ್ ಕ್ಲಬ್ಬಿಗೆ ಸೇರಿ ನನಗೆ ಒಂಬತ್ತು ವರ್ಷವಾಯಿತು. ಯುಗಾದಿ ಊಟದ ಪಂಕ್ತಿಯಲ್ಲಿ, ಆಫೀಸಿನ ಕಾಫಿ ಹೊತ್ತಿನಲ್ಲಿ, ಊರಿಂದ ಬರುವ ಫೋನಿನಲ್ಲಿ, ಹೊಸದಾಗಿ ಸ್ವೀಡನ್ನಿಗೆ ಬಂದ ಕನ್ನಡಿಗರ ಪತ್ರಗಳಲ್ಲಿ ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಅವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಹೊಸಬರ ಪ್ರಶ್ನೆಗಳು ಮೊದಲು. ಒಂದೆರಡು ವರ್ಷ ಕಾಡು ಸುತ್ತಿದವರವು ಕೊನೆಗೆ.

## ಮೊದಲ ಪರಿಚಯ

ಇದು ಓಟಾನಾ, ಚಾರಣಾನಾ, ಇಲ್ಲ ನಿಧಿ ಹುಡುಕೋ ಆಟಾನಾ?

ಮೂರೂ ಸ್ವಲ್ಪ ಸ್ವಲ್ಪ ಇದೆ. ತಿರುಳು ಮಾತ್ರ ನಕ್ಷೆ ಓದುವುದು. ಹೊರಡುವಾಗ ನಿಮ್ಮ ಕೈಗೆ ಆ ಕಾಡಿನ ವಿವರವಾದ ನಕ್ಷೆ ಸಿಗುತ್ತದೆ. ಅದರ ಮೇಲೆ ನೇರಳೆ ಬಣ್ಣದಲ್ಲಿ ಒಂದು ತ್ರಿಕೋನ ಇರುತ್ತದೆ, ಅದು ಹೊರಡುವ ಜಾಗ. ಆಮೇಲೆ ಅಂಕಿ ಹಾಕಿದ ವೃತ್ತಗಳು, ಇವಕ್ಕೆ ಕಂಟ್ರೋಲ್ ಅನ್ನುತ್ತೇವೆ. ಒಂದರೊಳಗೊಂದು ಇರುವ ಜೋಡಿ ವೃತ್ತ ಮುಗಿಯುವ ಜಾಗ. ಪ್ರತಿ ವೃತ್ತದ ನಡುಮಧ್ಯದಲ್ಲಿ ಒಂದು ಬಂಡೆಯೋ, ಹಳ್ಳದ ತಿರುವೋ, ಪುಟ್ಟ ದಿಬ್ಬವೋ ಇರುತ್ತದೆ. ಅಲ್ಲಿ ಕಿತ್ತಳೆ ಮತ್ತು ಬಿಳಿ ಬಣ್ಣದ ಮೂರು ಮುಖದ ಬಾವುಟ ತೂಗುತ್ತಿರುತ್ತದೆ, ಒಂದೊಂದು ಮುಖವೂ 30 ಸೆಂಟಿಮೀಟರ್ ಚೌಕ. ಅಂಕಿಯ ಕ್ರಮದಲ್ಲೇ ಎಲ್ಲವನ್ನೂ ಮುಟ್ಟಿ ಬರಬೇಕು. ಎರಡು ಕಂಟ್ರೋಲ್‌ಗಳ ನಡುವೆ ಯಾವ ದಾರಿ ಹಿಡಿಯಬೇಕೆಂದು ಯಾರೂ ಹೇಳುವುದಿಲ್ಲ. ಆ ನಿರ್ಧಾರ ನಿಮ್ಮದೇ, ಆಟವೆಲ್ಲ ಇರುವುದು ಅಲ್ಲೇ.

ಎಲ್ಲರ ಕೈಯಲ್ಲೂ ಫೋನಿದೆ. ಜಿಪಿಎಸ್ ಇರುವಾಗ ಕಾಗದದ ನಕ್ಷೆ ಯಾಕೆ?

ಫೋನಿನ ನಕ್ಷೆ ನೀಲಿ ಚುಕ್ಕಿ ಇಟ್ಟು ‘ನೀನು ಇಲ್ಲಿದ್ದೀಯ’ ಅನ್ನುತ್ತದೆ. ಓರಿಯೆಂಟಿಯರಿಂಗ್‌ನಲ್ಲಿ ಆ ಚುಕ್ಕಿಯನ್ನು ನಿಮ್ಮ ತಲೆಯೊಳಗೆ ನೀವೇ ಇಟ್ಟುಕೊಳ್ಳಬೇಕು. ಎಡಕ್ಕೆ ಜೌಗು, ಎದುರಿಗೆ ಕಡಿದಾದ ಇಳಿಜಾರು, ಬಲಕ್ಕೆ ಎರಡು ಬಂಡೆ. ಹಾಗಾದರೆ ನಾನು ಇಲ್ಲಿದ್ದೇನೆ. ಹೀಗೆ ನೆಲವನ್ನೂ ಕಾಗದವನ್ನೂ ತಾಳೆ ಹಾಕುತ್ತ ಹೋಗುವ ಸುಖವನ್ನು ಒಮ್ಮೆ ಉಂಡವರು ಬಿಡುವುದು ಕಷ್ಟ. ಜಿಪಿಎಸ್ ಗಡಿಯಾರ ಕಟ್ಟಿಕೊಳ್ಳಬಹುದು, ಆದರೆ ಸ್ಪರ್ಧೆಯಲ್ಲಿ ಅದರಿಂದ ದಾರಿ ನೋಡುವಂತಿಲ್ಲ. ಓಡಿದ ಜಾಡನ್ನು ಮನೆಗೆ ಬಂದ ಮೇಲೆ ನಕ್ಷೆಯ ಮೇಲಿಟ್ಟು ನೋಡಲು ಅದು ಉಪಯೋಗಕ್ಕೆ ಬರುತ್ತದೆ.

ನನಗೆ ನಲವತ್ತೈದು ದಾಟಿದೆ, ಓಡಿ ಅಭ್ಯಾಸವೇ ಇಲ್ಲ. ನನ್ನಂಥವರಿಗೆ ಜಾಗ ಇದೆಯಾ?

ಖಂಡಿತ ಇದೆ. ವಯಸ್ಸಿಗೆ ತಕ್ಕ ವರ್ಗಗಳಿವೆ. ಸ್ವೀಡಿಷಿನಲ್ಲಿ ಹೆಂಗಸರಿಗೆ ‘ಡಿ’, ಗಂಡಸರಿಗೆ ‘ಎಚ್’. ಡಿ10 ಅಂದರೆ ಹತ್ತು ವರ್ಷದವರೆಗಿನ ಹುಡುಗಿಯರು, ಎಚ್21 ಅಂದರೆ ಮುಖ್ಯ ವರ್ಗ, ಅಲ್ಲಿಂದ 35, 40, 45 ಎಂದು ಐದೈದರಂತೆ ಏರುತ್ತ ದೊಡ್ಡ ಸ್ಪರ್ಧೆಗಳಲ್ಲಿ 90ರವರೆಗೂ ಹೋಗುತ್ತದೆ. ಎಂಬತ್ತು ದಾಟಿದ ಅಜ್ಜ ಅಜ್ಜಿಯರು ಊರುಗೋಲಿನಂಥ ಕಡ್ಡಿ ಹಿಡಿದು ಕಾಡಿನೊಳಗೆ ಹೋಗಿ ಎಲ್ಲ ಕಂಟ್ರೋಲ್ ಮುಗಿಸಿ ಬರುವುದನ್ನು ಕಣ್ಣಾರೆ ಕಂಡಿದ್ದೇನೆ. ವಯಸ್ಸಿನ ಲೆಕ್ಕ ಬೇಡವೆಂದರೆ ಕಷ್ಟದ ಮಟ್ಟಕ್ಕೊಂದು ಬಣ್ಣದ ಮುಕ್ತ ದಾರಿಗಳಿವೆ: ಹಸಿರು ಮತ್ತು ಬಿಳಿ ಎಲ್ಲಕ್ಕಿಂತ ಸುಲಭ, ಹಳದಿ ಕಿತ್ತಳೆ ನಡುವೆ, ನೀಲಿ ಕಪ್ಪು ಕಠಿಣ. ನಡೆದುಕೊಂಡೇ ಮಾಡಬಹುದು. ನಾನು ಮೊದಲ ವರ್ಷವೆಲ್ಲ ನಡೆದೆ.

ಸ್ವೀಡಿಷ್ ಸರಿಯಾಗಿ ಬರಲ್ಲ. ನಕ್ಷೆ ಓದೋದು ಹೇಗೆ?

ನಕ್ಷೆಗೆ ಭಾಷೆಯೇ ಇಲ್ಲ. ಕಂಟ್ರೋಲ್ ಎಲ್ಲಿದೆಯೆಂಬ ವಿವರಣೆ ಕೂಡ ಚಿಹ್ನೆಗಳಲ್ಲೇ ಇರುತ್ತದೆ: ‘ಎರಡು ಮೀಟರ್ ಎತ್ತರದ ಬಂಡೆ, ಅದರ ಈಶಾನ್ಯ ಮಗ್ಗುಲು’ ಎಂಬುದಕ್ಕೆ ಕೆಲವೇ ಪುಟ್ಟ ಗುರುತು. ಜಪಾನಿನಲ್ಲೂ ಬ್ರೆಜಿಲಿನಲ್ಲೂ ಅದೇ. ಕ್ಲಬ್ಬಿನಲ್ಲಿ ಇಂಗ್ಲಿಷ್ ಸಲೀಸಾಗಿ ನಡೆಯುತ್ತದೆ. ಆದರೂ ನನ್ನ ಸ್ವೀಡಿಷ್ ಬಾಯಿಗೆ ಬಂದದ್ದು ತರಗತಿಯಲ್ಲಲ್ಲ, ಈ ಕಾಡಿನಲ್ಲಿ. ‘ಎಲ್ಲಿ ತಪ್ಪಿದೆ?’ ಎಂದು ಕೇಳಿದವರಿಗೆ ಉತ್ತರ ಹೇಳುವ ಆತುರದಲ್ಲಿ ವ್ಯಾಕರಣದ ಭಯ ಹೋಗಿಬಿಡುತ್ತದೆ.

ಯಾರದೋ ಕಾಡಿನಲ್ಲಿ ಹೀಗೆ ನುಗ್ಗಿದ್ರೆ ಯಾರೂ ಬೈಯಲ್ವಾ?

ಇಲ್ಲಿ ‘ಅಲ್ಲೆಮಾನ್ಸ್‌ರೆಟ್ಟನ್’ ಎಂಬುದಿದೆ, ನಮ್ಮ ಮಾತಿನಲ್ಲಿ ಸರ್ವರ ಹಕ್ಕು. ಕಾಡು ಯಾರದ್ದಾದರೂ ಅಲ್ಲಿ ನಡೆಯಲು, ಓಡಲು, ಹಣ್ಣು ಅಣಬೆ ಆಯಲು ಎಲ್ಲರಿಗೂ ಅವಕಾಶ. ಹಳೆಯ ರೂಢಿ ಇದು, 1994ರಲ್ಲಿ ಸಂವಿಧಾನದೊಳಗೂ ಸೇರಿತು. ಅದರ ಜೊತೆಗೇ ಹೊಣೆಯೂ ಇದೆ: ತೊಂದರೆ ಕೊಡಬಾರದು, ಹಾಳು ಮಾಡಬಾರದು. ಮನೆಯಂಗಳಕ್ಕೆ, ಬೆಳೆ ನಿಂತ ಹೊಲಕ್ಕೆ ಕಾಲಿಡುವಂತಿಲ್ಲ. ನಕ್ಷೆಯಲ್ಲಿ ಅಂಥ ಜಾಗಕ್ಕೆ ಹಳದಿ-ಹಸಿರು ಬೆರೆತ ಪಾಚಿ ಬಣ್ಣ ಬಳಿದಿರುತ್ತದೆ, ಅಲ್ಲಿ ಕಾಲಿಟ್ಟವರು ಸ್ಪರ್ಧೆಯಿಂದ ಹೊರಗೆ. ನೂರಾರು ಜನ ಬರುವ ಸ್ಪರ್ಧೆ ಇಟ್ಟುಕೊಂಡಾಗ ಕ್ಲಬ್ಬಿನವರು ಮೊದಲೇ ಕಾಡಿನ ಒಡೆಯರನ್ನೂ ಬೇಟೆಗಾರರ ತಂಡವನ್ನೂ ಕಂಡು ಮಾತಾಡುತ್ತಾರೆ. ಈ ಭೇಟಿಗಳನ್ನು ನಾನು ಮುಖ್ಯವೆಂದು ಹೇಳುತ್ತೇನೆ. ಒಮ್ಮೆ ವಿಶ್ವಾಸ ಕೆಟ್ಟರೆ ಆ ಕಾಡು ಎಷ್ಟೋ ವರ್ಷ ನಮಗೆ ಮುಚ್ಚಿದಂತೆ.

ಇದು ಶುರುವಾಗಿದ್ದು ಯಾವಾಗ?

ಸೈನ್ಯದ ನಕ್ಷೆ ತರಬೇತಿಯಿಂದ, 19ನೇ ಶತಮಾನದ ಕೊನೆಯಲ್ಲಿ. ಸಾರ್ವಜನಿಕ ಸ್ಪರ್ಧೆಗಳು ಮೊದಲು ನಡೆದದ್ದು ನಾರ್ವೆಯಲ್ಲಿ, 1897ರಲ್ಲಿ. 1919ರಲ್ಲಿ ಮೇಜರ್ ಅರ್ನ್‌ಸ್ಟ್ ಕಿಲ್ಲಾಂಡರ್ ಎಂಬುವರು ಸ್ಟಾಕ್‌ಹೋಮಿನ ದಕ್ಷಿಣದ ಕಾಡಿನಲ್ಲಿ ಏರ್ಪಡಿಸಿದ ಓಟಕ್ಕೆ ಇನ್ನೂರಕ್ಕೂ ಹೆಚ್ಚು ಜನ ಬಂದರು. ಈ ಕ್ರೀಡೆಯ ತಂದೆ ಎಂದು ಅವರನ್ನೇ ಕರೆಯುತ್ತಾರೆ. ನಮ್ಮ ಮಂಗಳವಾರದ ಅಭ್ಯಾಸ ನಡೆಯುವುದೂ ಅದೇ ಸೀಮೆಯಲ್ಲಿ ಎಂಬುದು ನನಗೆ ಹೆಮ್ಮೆ. ಅಂತರರಾಷ್ಟ್ರೀಯ ಒಕ್ಕೂಟ 1961ರಲ್ಲಿ ಹುಟ್ಟಿತು, ಮೊದಲ ವಿಶ್ವ ಚಾಂಪಿಯನ್‌ಷಿಪ್ 1966ರಲ್ಲಿ ಫಿನ್ಲೆಂಡಿನಲ್ಲಿ ನಡೆಯಿತು.

## ಮೊದಲ ದಿನ

ಮೊದಲ ಸಲ ಬಂದ್ರೆ ಏನೇನು ಮಾಡಬೇಕಾಗುತ್ತೆ?

ಕಾರು ನಿಲ್ಲಿಸುವ ಜಾಗದಿಂದಲೇ ಕಿತ್ತಳೆ-ಬಿಳಿ ಗುರುತು ಹಿಡಿದು ಬನ್ನಿ. ಮೇಜಿನ ಹತ್ತಿರ ಹೆಸರು ಬರೆಸಿ, ಬೆರಳಿಗೆ ಕಟ್ಟುವ ಚಿಪ್ ಬಾಡಿಗೆಗೆ ತೆಗೆದುಕೊಳ್ಳಿ. ಹೊರಡುವ ಮುಂಚೆ ಚಿಪ್ಪಿನಲ್ಲಿರುವ ಹಳೆಯ ಲೆಕ್ಕವನ್ನು ಒಂದು ಪೆಟ್ಟಿಗೆಯಲ್ಲಿ ಖಾಲಿ ಮಾಡಬೇಕು. ಹೊಸಬರು ಮರೆಯುವುದು ಇದನ್ನೇ. ಆಮೇಲೆ ನಕ್ಷೆಯನ್ನು ಉತ್ತರಕ್ಕೆ ತಿರುಗಿಸಿ ಹಿಡಿಯುವುದನ್ನು ಯಾರಾದರೂ ಹೇಳಿಕೊಡುತ್ತಾರೆ. ಪ್ರತಿ ಕಂಟ್ರೋಲಿನಲ್ಲೂ ಚಿಪ್ಪನ್ನು ಪೆಟ್ಟಿಗೆಯ ತೂತಿಗೆ ತಾಗಿಸಿದರೆ ಬೀಪ್ ಎಂದು ಸದ್ದು, ಬೆಳಕು. ಅಲ್ಲಿ ಬರೆದಿರುವ ಸಂಖ್ಯೆ ನಿಮ್ಮ ವಿವರಣೆಯಲ್ಲಿರುವುದೇ ಹೌದೇ ಎಂದು ನೋಡಿ. ಈ ಸಂಖ್ಯೆಗಳು 31ರಿಂದ ಶುರುವಾಗುತ್ತವೆ, 1, 2, 3 ಎಂಬ ಕ್ರಮಾಂಕದ ಜೊತೆ ಗೊಂದಲ ಆಗದಿರಲೆಂದು. ಕೊನೆಗೆ ಚಿಪ್ ಓದಿಸಿದಾಗ ಯಾವ ಕಂಟ್ರೋಲಿಗೆ ಎಷ್ಟು ನಿಮಿಷ ಹಿಡಿಯಿತೆಂಬ ಚೀಟಿ ಬರುತ್ತದೆ. ಆ ಚೀಟಿ ಹಿಡಿದುಕೊಂಡು ಮಾತಿಗೆ ನಿಲ್ಲುವುದೇ ಅರ್ಧ ಕ್ಲಬ್ ಜೀವನ.

ಏನು ಹಾಕ್ಕೊಂಡು ಬರಲಿ? ತುಂಬಾ ಖರ್ಚಾಗುತ್ತಾ?

ಕಾಲು ಪೂರ್ತಿ ಮುಚ್ಚುವ ಪ್ಯಾಂಟು, ಕೊಳೆಯಾದರೂ ಬೇಸರವಿಲ್ಲದ ಶೂ. ಮೊದಲಿಗೆ ಅಷ್ಟು ಸಾಕು. ದಿಕ್ಸೂಚಿ ಕ್ಲಬ್ಬಿನಲ್ಲೇ ಕೊಡುತ್ತೇವೆ. ಮುಂದುವರಿಯುವುದಾದರೆ ತಳದಲ್ಲಿ ಉಕ್ಕಿನ ಮೊಳೆ ಇರುವ ಶೂ ಕೊಳ್ಳಿ. ಒದ್ದೆ ಬಂಡೆ, ಬಿದ್ದ ಮರದ ದಿಮ್ಮಿ ಇವುಗಳ ಮೇಲೆ ಸಾದಾ ಶೂ ಎಣ್ಣೆ ಹಚ್ಚಿದಂತೆ ಜಾರುತ್ತದೆ, ನನ್ನ ಮಣಿಕಟ್ಟು ಉಳುಕಿದ್ದು ಹಾಗೇ. ಸದಸ್ಯತ್ವಕ್ಕೆ ವರ್ಷಕ್ಕೆ ಕೆಲವು ನೂರು ಕ್ರೋನ. ಈ ದೇಶದಲ್ಲಿ ಮಕ್ಕಳನ್ನು ಬೇರೆ ಆಟಗಳಿಗೆ ಸೇರಿಸಿದವರಿಗೆ ಇದು ಎಷ್ಟು ಅಗ್ಗವೆಂದು ಗೊತ್ತಾಗುತ್ತದೆ.

ನಕ್ಷೆಯಲ್ಲಿ ಬಿಳಿ ಇರೋದು ಕಾಡು ಅಂತೀರಲ್ಲ, ಅದೆಂಥಾ ಲೆಕ್ಕ?

ಎಲ್ಲರೂ ಮೊದಲ ದಿನ ಎಡವುವುದು ಇಲ್ಲೇ. ಶಾಲೆಯ ಭೂಪಟದಲ್ಲಿ ಹಸಿರು ಅಂದರೆ ಕಾಡು. ಇಲ್ಲಿ ಬಿಳಿ ಅಂದರೆ ಸರಾಗವಾಗಿ ಓಡಬಹುದಾದ ಕಾಡು. ಹಸಿರು ಗಾಢವಾದಷ್ಟೂ ಗಿಡಗಂಟಿ ದಟ್ಟ, ಕಡು ಹಸಿರೆಂದರೆ ಮೈ ತೂರಿಸುವುದೇ ಕಷ್ಟ. ಹಳದಿ ಬಯಲು, ನೀಲಿ ನೀರು ಮತ್ತು ಜೌಗು, ಕಪ್ಪು ಬಂಡೆ, ಕಾಲುದಾರಿ, ಮನೆ. ಕಂದು ಗೆರೆಗಳು ಸಮೋನ್ನತಿ ರೇಖೆಗಳು, ಸಾಮಾನ್ಯವಾಗಿ ಒಂದು ಗೆರೆಗೂ ಇನ್ನೊಂದಕ್ಕೂ 5 ಮೀಟರ್ ಎತ್ತರದ ಅಂತರ. ಎನ್‌ಸಿಸಿಯಲ್ಲಿದ್ದವರು ಸರ್ವೆ ಆಫ್ ಇಂಡಿಯಾದ ಟೋಪೋ ಶೀಟ್ ನೋಡಿರುತ್ತೀರಿ. ಅದು 1:50,000 ಅಳತೆ, ಗೆರೆಗಳ ನಡುವೆ 20 ಮೀಟರ್. ನಮ್ಮ ನಕ್ಷೆ 1:10,000 ಇಲ್ಲವೇ 1:15,000, ಆಳೆತ್ತರದ ಬಂಡೆಯೂ ಅದರಲ್ಲಿ ಚುಕ್ಕಿಯಾಗಿ ಸಿಗುತ್ತದೆ. ಒಬ್ಬ ಮನುಷ್ಯ ಪ್ರತಿ ಬಂಡೆಯ ಹತ್ತಿರ ನಿಂತು ‘ಇದನ್ನು ಹಾಕಬೇಕೋ ಬೇಡವೋ’ ಎಂದು ಯೋಚಿಸಿ ಬರೆದ ನಕ್ಷೆ ಅದು.

ಕಾಡಲ್ಲಿ ದಾರಿ ತಪ್ಪಿದ್ರೆ ಏನು ಗತಿ?

ತಪ್ಪುತ್ತೀರಿ. ನಾನೂ ತಪ್ಪಿದ್ದೇನೆ, ವಿಶ್ವ ಚಾಂಪಿಯನ್ನರೂ ತಪ್ಪುತ್ತಾರೆ. ಅವರು ಅರ್ಧ ನಿಮಿಷ, ನಾವು ಅರ್ಧ ಗಂಟೆ. ಮೊದಲು ನಿಲ್ಲಿ. ಗಾಬರಿಯಲ್ಲಿ ಓಡಿದಷ್ಟೂ ದೂರವಾಗುತ್ತೀರಿ. ಕೊನೆಯದಾಗಿ ಖಚಿತವಾಗಿ ಗೊತ್ತಿದ್ದ ಜಾಗ ಯಾವುದೆಂದು ನೆನೆದು ಅಲ್ಲಿಗೇ ಮರಳಿ. ಅದೂ ಆಗದಿದ್ದರೆ ದಿಕ್ಸೂಚಿ ಹಿಡಿದು ದೊಡ್ಡ ರಸ್ತೆಯೋ ಕೆರೆಯೋ ಇರುವ ದಿಕ್ಕಿಗೆ ನೇರ ನಡೆಯಿರಿ. ಹೊರಡುವ ಮುಂಚೆ ಹೇಳುತ್ತೇವೆ, ‘ಏನಾದರೂ ಆದರೆ ಪಶ್ಚಿಮಕ್ಕೆ ಹೋಗು, ರಸ್ತೆ ಸಿಗುತ್ತದೆ’ ಎಂದು. ಪೆಟ್ಟಾದರೆ ಸೀಟಿ ಊದಿ, ನಿಮಿಷಕ್ಕೆ ಆರು ಸಲ. ತುರ್ತು ಕರೆ 112.

ಇನ್ನೊಂದು ನಿಯಮವಿದೆ, ಎಲ್ಲಕ್ಕಿಂತ ದೊಡ್ಡದು. ಅರ್ಧಕ್ಕೆ ಬಿಟ್ಟರೂ ಕೊನೆಯ ಮೇಜಿಗೆ ಬಂದು ಚಿಪ್ ಓದಿಸಲೇಬೇಕು. ಹಾಗೇ ಕಾರು ಹತ್ತಿ ಮನೆಗೆ ಹೋದರೆ ನೀವು ಕಾಡಿನಲ್ಲೇ ಇದ್ದೀರೆಂದು ಜನ ಹುಡುಕಲು ಹೊರಡುತ್ತಾರೆ.

ನನ್ನ ಮೊದಲ ಶರತ್ಕಾಲದಲ್ಲಿ ಮಳೆ ಬೀಳುತ್ತಿದ್ದ ಒಂದು ಭಾನುವಾರ ನಾಲ್ಕನೇ ಕಂಟ್ರೋಲ್ ಹುಡುಕುತ್ತ ಎರಡು ಗಂಟೆ ಸುತ್ತಿದೆ. ಎಲ್ಲರೂ ಹೋಗಿರುತ್ತಾರೆ ಎಂದುಕೊಂಡು ಒದ್ದೆಯಾಗಿ ಹೊರಗೆ ಬಂದರೆ, ಡೇರೆ ಬಿಚ್ಚಿ ಮಡಚಿಟ್ಟಿದ್ದರು, ಆದರೆ ಮೂವರು ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಬ್ಬರ ಮಡಿಲಲ್ಲಿ ನನ್ನ ಪಾಲಿನ ಸೂಪು ತುಂಬಿದ ಫ್ಲಾಸ್ಕ್. ‘ಪಟ್ಟಿಯಲ್ಲಿ ನೀನೊಬ್ಬಳು ಬಾಕಿ ಇದ್ದೆ’ ಅಂದರು, ಅಷ್ಟೇ. ಕೊನೆಯವರು ಬರುವವರೆಗೆ ಯಾರೂ ಮನೆಗೆ ಹೋಗುವುದಿಲ್ಲ. ಕ್ಲಬ್ಬು ಅಂದರೆ ಏನೆಂದು ನನ್ನನ್ನು ಕೇಳಿದರೆ ಇದನ್ನೇ ಹೇಳುತ್ತೇನೆ.

ಕಾಡುಪ್ರಾಣಿ, ಹಾವು, ಉಣ್ಣೆ?

ಸ್ಟಾಕ್‌ಹೋಮ್ ಸುತ್ತ ಮೂಸ್, ಜಿಂಕೆ, ಕಾಡುಹಂದಿ ಇವೆ. ನಮ್ಮ ಸದ್ದಿಗೆ ಅವೇ ದೂರ ಸರಿಯುತ್ತವೆ. ಹಾವುಗಳಲ್ಲಿ ವಿಷದ್ದು ಒಂದೇ ಜಾತಿ, ಬಿಸಿಲಿಗೆ ಬಂಡೆಯ ಮೇಲೆ ಮಲಗಿರುತ್ತದೆ. ನಿಜವಾಗಿ ಎಚ್ಚರ ಬೇಕಾದ್ದು ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆಗೆ. ನಾನು ತೀರ್ಥಹಳ್ಳಿ ಕಡೆಯವಳು, ಮಂಗನ ಕಾಯಿಲೆಯ ಭಯ ಬಲ್ಲವಳು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ವೈರಸ್ಸೂ ಇಲ್ಲಿಯ ಉಣ್ಣೆಗಳು ಹರಡುವ ಟಿಬಿಇ ಎಂಬ ಮಿದುಳು ಜ್ವರದ ವೈರಸ್ಸೂ ಹತ್ತಿರದ ದಾಯಾದಿಗಳು. ಇದನ್ನು ಇಲ್ಲಿಯ ನರ್ಸೊಬ್ಬರ ಹತ್ತಿರ ಹೇಳಿದಾಗ ಅವರು ಕೆಲಸ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು.

ಟಿಬಿಇಗೆ ಒಳ್ಳೆಯ ಲಸಿಕೆ ಇದೆ. ಮೊದಲ ಡೋಸುಗಳನ್ನು ಸರಿಯಾದ ಅಂತರದಲ್ಲಿ ಮುಗಿಸಿ, ಆಮೇಲೆ ಕೆಲವು ವರ್ಷಕ್ಕೊಮ್ಮೆ ಬೂಸ್ಟರ್ ಹಾಕಿಸಬೇಕು. ಕ್ಲಬ್ಬಿನಲ್ಲಿ ಬಹುತೇಕ ಎಲ್ಲರೂ ಹಾಕಿಸಿಕೊಂಡಿದ್ದಾರೆ, ನೀವೂ ಹಾಕಿಸಿಕೊಳ್ಳಿ. ಅದೇ ಉಣ್ಣೆಯಿಂದ ಬರುವ ಬೊರೇಲಿಯಾ ಎಂಬ ಬ್ಯಾಕ್ಟೀರಿಯಾ ಸೋಂಕಿಗೆ (ಲೈಮ್ ಕಾಯಿಲೆ) ಆ ಲಸಿಕೆ ನಾಟುವುದಿಲ್ಲ, ಅದಕ್ಕೆ ಆಂಟಿಬಯಾಟಿಕ್ ಮದ್ದು. ಕಚ್ಚಿದ ಜಾಗದ ಸುತ್ತ ಕೆಂಪು ಬಳೆಯಂತೆ ಹರಡಿದರೆ ವೈದ್ಯರ ಹತ್ತಿರ ಹೋಗಿ. ಪ್ರತಿ ಓಟದ ನಂತರ ಸ್ನಾನಕ್ಕೆ ಹೋದಾಗ ಮಂಡಿಯ ಹಿಂದೆ, ತೊಡೆಸಂದು, ಕಂಕುಳು, ಮಕ್ಕಳಿಗಾದರೆ ಕಿವಿಯ ಹಿಂದೆ ಮತ್ತು ತಲೆ ನೋಡುವುದು ರೂಢಿಯಾಗಲಿ.

## ಮಕ್ಕಳು, ಮನೆಯವರು

ಮಕ್ಕಳನ್ನ ಎಷ್ಟನೇ ವಯಸ್ಸಿಗೆ ಕರ್ಕೊಂಡು ಬರಬಹುದು?

ನಡೆಯಲು ಬಂದರೆ ಸಾಕು. ಪುಟಾಣಿಗಳಿಗೆ ಕೆಲವು ನೂರು ಮೀಟರ್ ಉದ್ದಕ್ಕೂ ಮರಗಳಿಗೆ ಪಟ್ಟಿ ಕಟ್ಟಿ ದಾರಿ ಮಾಡಿರುತ್ತೇವೆ, ಅಲ್ಲಲ್ಲಿ ಪ್ರಾಣಿಗಳ ಚಿತ್ರ. ಆರೇಳು ವರ್ಷಕ್ಕೆ ಕಾಲುದಾರಿಯಲ್ಲೇ ಸಾಗುವ ಸುಲಭ ದಾರಿ. ದೊಡ್ಡವರು ನೆರಳಿನಂತೆ ಹಿಂದೆ ಬರಬಹುದು. ಹಿಂದೆ ಅಂದರೆ ಹಿಂದೆಯೇ. ಮಗು ತಪ್ಪು ಕವಲು ಹಿಡಿದಾಗ ನಮ್ಮ ಬಾಯಿ ಮುಚ್ಚಿಕೊಂಡಿರುವುದು ಬಹಳ ಕಷ್ಟದ ಕೆಲಸ, ಅದರಲ್ಲೂ ನಮ್ಮ ಕಡೆಯ ಅಪ್ಪ ಅಮ್ಮಂದಿರಿಗೆ. ಐವತ್ತು ಹೆಜ್ಜೆ ಹೋಗಿ, ನಿಂತು, ನಕ್ಷೆ ತಿರುಗಿಸಿ, ‘ಅಲ್ಲ ಅಮ್ಮ, ಆ ಕಡೆ’ ಎಂದು ತಾನೇ ತಿದ್ದಿಕೊಳ್ಳುವ ಗಳಿಗೆಯನ್ನು ನಾವು ಕಸಿದುಕೊಳ್ಳಬಾರದು.

ಹತ್ತು ವರ್ಷದ ಹುಡುಗೀನ ಒಬ್ಬಳನ್ನೇ ಕಾಡಿಗೆ ಬಿಡ್ತೀರಂತೆ, ನಿಮಗೆ ಹೆದರಿಕೆ ಆಗಲ್ವೇನೇ?

ಇದು ನನ್ನ ಅಮ್ಮನ ಪ್ರಶ್ನೆ, ಮೊದಲು ಕೇಳಿದ್ದು ಅಳುತ್ತ. ಹೆದರಿಕೆ ಆಗುತ್ತದೆ ಅಮ್ಮ. ಮೊದಲ ಸಲ ಮಗಳು ಒಬ್ಬಳೇ ಹೊರಟಾಗ ಇಪ್ಪತ್ತೆರಡು ನಿಮಿಷ ನಾನು ಕೂತಿದ್ದು ನಿಂತಿದ್ದು ಗೊತ್ತಿಲ್ಲ. ಆದರೆ ಅವಳನ್ನು ಗೊತ್ತಿಲ್ಲದ ಕಾಡಿಗೆ ಬಿಟ್ಟಿರಲಿಲ್ಲ. ಆ ಮಟ್ಟದ ಮಕ್ಕಳ ದಾರಿ ಕಾಲುದಾರಿ, ಬೇಲಿ, ಹಳ್ಳ ಇವುಗಳನ್ನೇ ಹಿಡಿದು ಸಾಗುತ್ತದೆ, ಅವೇ ಕೈಹಿಡಿಕೆ ಇದ್ದಂತೆ. ಮುಖ್ಯ ಕವಲುಗಳಲ್ಲಿ ಕ್ಲಬ್ಬಿನ ಹಿರಿಯರೊಬ್ಬರು ಸುಮ್ಮನೆ ನಿಂತಿರುತ್ತಾರೆ. ಆ ಕಾಡಿನಲ್ಲಿ ಅದೇ ಹೊತ್ತಿಗೆ ಓಡುತ್ತಿರುವ ದೊಡ್ಡವರಿಗೆಲ್ಲ ಒಂದು ಮಾತು ಗೊತ್ತಿದೆ: ಅಳುವ ಮಗು ಕಂಡರೆ ನಿಮ್ಮ ಸ್ಪರ್ಧೆ ಅಲ್ಲಿಗೆ ಮುಗಿಯಿತು, ನಿಂತು ನೋಡಿಕೊಳ್ಳಬೇಕು. ಪೆಟ್ಟಾದವರಿಗೆ ನೆರವಾಗುವುದು ಈ ಕ್ರೀಡೆಯ ಲಿಖಿತ ನಿಯಮ.

ನೀನು ಚಿಕ್ಕಂದಿನಲ್ಲಿ ಗದ್ದೆ ಅಂಚು, ಕಾನು ದಾಟಿ ಮೂರು ಮೈಲಿ ಶಾಲೆಗೆ ಹೋಗುತ್ತಿದ್ದೆ, ನೆನಪಿದೆಯಲ್ಲ. ನಿನಗೆ ಸಿಕ್ಕ ಆ ದಾರಿ ನನಗೂ ಸಿಗಲಿಲ್ಲ. ನಿನ್ನ ಮೊಮ್ಮಗಳಿಗೆ ಸಿಕ್ಕಿದೆ.

ಬೇಸಿಗೆಗೆ ಅತ್ತೆ ಮಾವ ಬರ್ತಿದ್ದಾರೆ. ಮಂಡಿ ನೋವು ಇದೆ. ಅವರೂ ಸೇರಬಹುದಾ?

ಸೇರಬಹುದು. ಅನೇಕ ಊರುಗಳಲ್ಲಿ ‘ಹಿತ್ತಾ ಉಟ್’ ಎಂಬ ಉಚಿತ ನಕ್ಷೆ ಸಿಗುತ್ತದೆ. ಪೇಟೆ, ಪಾರ್ಕು, ಹತ್ತಿರದ ಕಾಡಿನಲ್ಲಿ ಬೇಸಿಗೆಯಿಡೀ ಕಂಬಗಳು ನಿಂತಿರುತ್ತವೆ. ದಿನಕ್ಕೆ ಎರಡು ಹುಡುಕಿದರೂ ಆಯಿತು, ಸಮಯದ ಲೆಕ್ಕವಿಲ್ಲ. ನಮ್ಮ ಮಾವ ಎರಡು ತಿಂಗಳಲ್ಲಿ ಐವತ್ತೆಂಟು ಕಂಬ ಮುಟ್ಟಿದರು, ನಮಗಿಂತ ಚೆನ್ನಾಗಿ ಊರಿನ ಓಣಿಗಳನ್ನು ಬಲ್ಲವರಾದರು. ಗಾಲಿಕುರ್ಚಿ ಬಳಸುವವರಿಗೂ ಸಮಾನವಾಗಿ ಆಡಲು ಆಗುವ ನಿಖರತೆಯ ಓರಿಯೆಂಟಿಯರಿಂಗ್ ಎಂಬ ಬೇರೆ ಬಗೆಯೂ ಇದೆ. ಅದರಲ್ಲಿ ದಾರಿಯ ಮೇಲೆ ನಿಂತು, ಕಾಣುವ ಹಲವು ಬಾವುಟಗಳಲ್ಲಿ ನಕ್ಷೆಗೆ ಸರಿಹೊಂದುವುದು ಯಾವುದೆಂದು ಹೇಳಬೇಕು, ಓಟವಿಲ್ಲ. ಅದಕ್ಕೆ 2004ರಿಂದ ವಿಶ್ವ ಚಾಂಪಿಯನ್‌ಷಿಪ್ ಕೂಡ ಇದೆ.

## ಕ್ಲಬ್ಬಿನ ಒಳಗೆ

ವರ್ಷದುದ್ದಕ್ಕೂ ಏನು ನಡೆಯುತ್ತೆ?

ಮಂಗಳವಾರ ಸಂಜೆ ಅಭ್ಯಾಸ, ಗುರುವಾರ ಮಕ್ಕಳದು, ವಾರಾಂತ್ಯಕ್ಕೆ ಸ್ಪರ್ಧೆ. ಕಾಡಿನಂಚಿನಲ್ಲಿ ಮರದ ಕ್ಲಬ್ ಮನೆಯಿದೆ. ಓಡಿ ಬಂದವರು ಅದರ ಸೌನಾದಲ್ಲಿ ಬೆವರಿ, ಅಡುಗೆಮನೆಯಲ್ಲಿ ಸೂಪು ಬ್ರೆಡ್ಡು ತಿಂದು, ಮೇಜಿನ ಮೇಲೆ ನಕ್ಷೆ ಹರವಿಕೊಳ್ಳುತ್ತಾರೆ. ವಸಂತದಲ್ಲಿ ‘ತಿಯೊಮೀಲಾ’, ಹತ್ತು ಜನರ ರಾತ್ರಿಯ ರಿಲೇ. ಸ್ವೀಡಿಷ್ ‘ಮೀಲ್’ ಅಂದರೆ ಹತ್ತು ಕಿಲೋಮೀಟರ್, ಹತ್ತು ಮೀಲ್ ಎಂದು ಹೆಸರು. 1945ರಿಂದ ನಡೆದು ಬಂದಿದೆ. ಜೂನ್‌ನಲ್ಲಿ ಫಿನ್ಲೆಂಡಿನ ಯೂಕೊಲಾ ರಿಲೇಗೆ ಹಡಗು ಹತ್ತುತ್ತೇವೆ. ಜುಲೈಯಲ್ಲಿ ‘ಊ-ರಿಂಗನ್’, ಐದು ದಿನದ ಜಾತ್ರೆ, 1965ರಿಂದ. ಪ್ರತಿ ವರ್ಷ ಬೇರೆ ಊರು, ಹತ್ತು ಸಾವಿರಕ್ಕೂ ಹೆಚ್ಚು ಜನ, ಡೇರೆಗಳ ಒಂದು ಊರೇ ಎದ್ದಿರುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟ ಅಕ್ಟೋಬರಿನ ‘ಇಪ್ಪತ್ತೈದು ಜನರ ರಿಲೇ’. ತಂಡದಲ್ಲಿ ಮಕ್ಕಳು, ಹದಿಹರೆಯದವರು, ಹೆಂಗಸರು, ಹಿರಿಯರು ಎಲ್ಲರೂ ಇರಲೇಬೇಕು. ಬರೀ ವೇಗದವರಿದ್ದ ಕ್ಲಬ್ಬು ಅಲ್ಲಿ ತಂಡವನ್ನೇ ಕಟ್ಟಲಾರದು. ನನ್ನಂಥ ನಿಧಾನದವಳಿಗೆ ಫೋನು ಮಾಡಿ ‘ನೀನಿಲ್ಲದೆ ಆಗುವುದಿಲ್ಲ’ ಎಂದಾಗ ಅದು ಉಪಚಾರದ ಮಾತಲ್ಲ, ನಿಜ.

ಸದಸ್ಯರಾದ್ರೆ ಕೆಲಸಾನೂ ಮಾಡ್ಬೇಕಂತೆ?

ಹೌದು. ಸಂಬಳದವರು ಯಾರೂ ಇಲ್ಲ. ಕ್ಲಬ್ಬಿನ ಗಳಿಕೆಯ ದೊಡ್ಡ ಪಾಲು ನಾವೇ ಏರ್ಪಡಿಸುವ ಸ್ಪರ್ಧೆಗಳಿಂದ ಬರುತ್ತದೆ, ಆ ದಿನ ಎಲ್ಲರಿಗೂ ಒಂದು ಕೆಲಸ. ಕಾರು ನಿಲ್ಲಿಸಲು ಕೈತೋರಿಸುವುದು, ನೀರು ಹೊರುವುದು, ಮುಗಿದ ಮೇಲೆ ಬಾವುಟ ಬಿಚ್ಚಿ ತರುವುದು, ಫೀಕಾ ಅಂಗಡಿಯಲ್ಲಿ ಕಾಫಿ ಮತ್ತು ದಾಲ್ಚಿನ್ನಿ ಬನ್ ಮಾರುವುದು. ಊರಿನ ಗಣಪತಿ ಪೆಂಡಾಲು, ರಥೋತ್ಸವದ ಸೇವೆ ನೋಡಿದವರಿಗೆ ಇದು ಹೊಸದಲ್ಲ.

ಹೊಸಬರಿಗೆ ನನ್ನ ಸಲಹೆ ಇದು: ಸ್ಪರ್ಧೆಗೆ ಹೆಸರು ಕೊಡುವ ಮುಂಚೆಯೇ ಒಂದು ಕೆಲಸಕ್ಕೆ ಹೆಸರು ಕೊಡಿ. ನಾನು ಎರಡು ವರ್ಷ ಬಂದು ಓಡಿ ಹೋಗುತ್ತಿದ್ದೆ, ನಾಲ್ಕು ಜನರ ಹೆಸರು ಮಾತ್ರ ಗೊತ್ತಿತ್ತು. ಒಮ್ಮೆ ಇಡೀ ಶನಿವಾರ ಪಾರ್ಕಿಂಗ್ ಹೊಲದಲ್ಲಿ ಹಳದಿ ಕೋಟು ಹಾಕಿಕೊಂಡು ಮತ್ತೊಬ್ಬರ ಜೊತೆ ನಿಂತೆ. ಸಂಜೆಯ ಹೊತ್ತಿಗೆ ಅವರ ಮಗನ ಮದುವೆ, ನನ್ನ ಅಪ್ಪನ ಕಾಯಿಲೆ, ಎಲ್ಲ ಮಾತಾಗಿತ್ತು.

ಸಸ್ಯಾಹಾರಿಗಳಿಗೆ ತಿನ್ನೋಕೆ ಏನಾದ್ರೂ ಸಿಗುತ್ತಾ?

ಈಗ ಸಿಗುತ್ತದೆ. ಮೊದಲೆಲ್ಲ ಸಾಸೇಜೇ ಮುಖ್ಯವಾಗಿತ್ತು. ನನ್ನ ಅಡುಗೆ ಪಾಳಿ ಬಂದ ದಿನ ಬಿಸಿಬೇಳೆಬಾತ್ ಮಾಡಿದೆ, ಖಾರ ಕಾಲು ಭಾಗಕ್ಕೆ ಇಳಿಸಿ. ಮೈನಸ್ ನಾಲ್ಕು ಡಿಗ್ರಿಯಲ್ಲಿ ಓಡಿ ಬಂದವರಿಗೆ ಅದಕ್ಕಿಂತ ಒಳ್ಳೆಯದು ಬೇಕೇ? ಈಗ ಚಳಿಗಾಲದ ಪಟ್ಟಿಯಲ್ಲಿ ಅದರ ಹೆಸರು ಕಾಯಂ.

ನಮ್ಮನ್ನ ಹೊರಗಿನವರ ಥರ ನೋಡ್ತಾರಾ? ನಿಜ ಹೇಳಿ.

ನಿಜವೇ ಹೇಳುತ್ತೇನೆ. ಮೊದಮೊದಲು ಒಂಟಿ ಅನಿಸುತ್ತದೆ. ಇಲ್ಲಿಯವರು ತಾವಾಗಿ ಬಂದು ಮಾತಾಡಿಸುವವರಲ್ಲ, ಮೌನವನ್ನು ನಾವು ತಿರಸ್ಕಾರವೆಂದು ತಿಳಿಯುತ್ತೇವೆ. ಕ್ಲಬ್ಬಿಗೆ ಬರುವವರಲ್ಲಿ ಹೆಚ್ಚಿನವರು ಅಪ್ಪ ಅಜ್ಜನ ಕಾಲದಿಂದ ಕಾಡು ಬಲ್ಲ ಮನೆಗಳವರು, ಹೊರದೇಶದಿಂದ ಬಂದವರು ಕಡಿಮೆ. ಇದು ಕ್ಲಬ್ಬಿನ ಕೊರತೆ, ಸಭೆಯಲ್ಲೂ ಹೇಳಿದ್ದೇನೆ. ಅದರ ಫಲವಾಗಿ ಈಗ ಹೊಸಬರಿಗೆಲ್ಲ ಮೊದಲ ಆರು ವಾರ ಜೊತೆಗಾರರೊಬ್ಬರನ್ನು ಗೊತ್ತು ಮಾಡುತ್ತೇವೆ. ನಕ್ಷೆ ಮುಂದಿಟ್ಟು ‘ಐದನೆಯದಕ್ಕೆ ನೀವು ಎಡದಿಂದ ಹೋದಿರಾ ಬಲದಿಂದಲಾ?’ ಎಂದು ಕೇಳಿ. ಆ ಮೌನದ ಮನುಷ್ಯ ಇಪ್ಪತ್ತು ನಿಮಿಷ ನಿಲ್ಲಿಸದೆ ಮಾತಾಡುತ್ತಾನೆ.

## ಸ್ವಲ್ಪ ಆಳಕ್ಕೆ

ಕಂಟ್ರೋಲ್ ಹತ್ತಿರದವರೆಗೂ ಸರಿಯಾಗಿ ಹೋಗ್ತೀನಿ, ಅಲ್ಲಿ ಸುತ್ತೋಕೆ ಶುರು ಮಾಡ್ತೀನಿ. ಎಲ್ಲಿ ತಪ್ಪು?

ನೂರಕ್ಕೆ ತೊಂಬತ್ತು ಸಲ ತಪ್ಪು ಆಗಿರುವುದು ಕೊನೆಯ ನೂರೈವತ್ತು ಮೀಟರ್ ಶುರುವಾಗುವ ಮುಂಚೆ. ಕಂಟ್ರೋಲನ್ನೇ ಹುಡುಕಬೇಡಿ. ಅದರ ಹತ್ತಿರ, ತಪ್ಪಿಸಿಕೊಳ್ಳಲಾಗದ ದೊಡ್ಡ ಗುರುತೊಂದನ್ನು ಮೊದಲು ಹಿಡಿಯಿರಿ: ಕಾಲುದಾರಿಯ ತಿರುವು, ಜೌಗಿನ ತುದಿ, ಬೆಟ್ಟದ ಮೂಗು. ಅಲ್ಲಿವರೆಗೆ ವೇಗವಾಗಿ ಹೋಗಿ. ಅಲ್ಲಿಂದ ದಿಕ್ಸೂಚಿ ಇಟ್ಟು, ಹೆಜ್ಜೆ ಎಣಿಸಿ, ನಿಧಾನ. ಕಂಟ್ರೋಲ್ ದಾಟಿಬಿಟ್ಟರೆ ಏನು ಎದುರಾಗುತ್ತದೆ ಎಂಬುದನ್ನೂ ಮೊದಲೇ ನೋಡಿಟ್ಟುಕೊಳ್ಳಿ; ಹಳ್ಳ ಸಿಕ್ಕರೆ ಮುಂದೆ ಬಂದಿದ್ದೇನೆ, ಹಿಂತಿರುಗಬೇಕು ಎಂದು.

ಇನ್ನೊಂದು ಮೋಸವಿದೆ: ಒಂದೇ ಥರದ ಎರಡು ದಿಬ್ಬ ಅಕ್ಕಪಕ್ಕ ಇದ್ದಾಗ ತಪ್ಪು ದಿಬ್ಬದ ಮೇಲೆ ನಿಂತು ಸರಿಯಾದದ್ದೆಂದು ನಂಬುವುದು. ಮನಸ್ಸು ನೆಲವನ್ನು ನಕ್ಷೆಗೆ ಬಗ್ಗಿಸಲು ನೋಡುತ್ತದೆ. ‘ಈ ಕಾಲುದಾರಿ ಹೊಸದಿರಬೇಕು, ನಕ್ಷೆಯಲ್ಲಿಲ್ಲ’ ಎಂದು ಅನಿಸಿದ ಕ್ಷಣ ನಿಂತುಬಿಡಿ. ನಕ್ಷೆ ಸರಿಯಾಗಿಯೇ ಇರುತ್ತದೆ.

ನೇರ ಬೆಟ್ಟ ಹತ್ತೋದಾ, ಸುತ್ತು ದಾರಿ ಹಿಡಿಯೋದಾ?

ಸಾಮಾನ್ಯ ಲೆಕ್ಕ: 10 ಮೀಟರ್ ಏರುವುದು 100 ಮೀಟರ್ ಸಮತಟ್ಟು ಓಡಿದ್ದಕ್ಕೆ ಸಮ. ಎರಡು ಗೆರೆ ದಾಟಿದರೆ 10 ಮೀಟರ್ ಆಯಿತು. ಅದರ ಮೇಲೆ ಹಸಿರು ಎಷ್ಟಿದೆ, ನಿಮ್ಮ ಉಸಿರು ಎಷ್ಟು ಉಳಿದಿದೆ ಎಂದು ನೋಡಿ. ನನ್ನ ಅನುಭವದಲ್ಲಿ ಯಾವ ದಾರಿ ಎನ್ನುವುದಕ್ಕಿಂತ, ಆರಿಸಿದ ಮೇಲೆ ಅರ್ಧದಲ್ಲಿ ಮನಸ್ಸು ಬದಲಿಸುವುದೇ ಹೆಚ್ಚು ಸಮಯ ತಿನ್ನುತ್ತದೆ.

ರಾತ್ರಿ ಕಾಡಲ್ಲಿ ಓಡ್ತೀರಂತಲ್ಲ, ಅದ್ಯಾಕೆ?

ಡಿಸೆಂಬರಿನಲ್ಲಿ ಇಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲು. ಮನೆಯೊಳಗೆ ಕೂತರೆ ಮನಸ್ಸು ಕುಗ್ಗುತ್ತದೆ, ಇದನ್ನು ಈ ದೇಶಕ್ಕೆ ಬಂದ ನಮ್ಮವರೆಲ್ಲ ಅನುಭವಿಸಿದ್ದಾರೆ. ತಲೆಗೆ ದೀಪ ಕಟ್ಟಿಕೊಂಡು ಹೊರಟರೆ ಜಗತ್ತು ಮೂವತ್ತು ಮೀಟರಿನ ಬೆಳಕಿನ ಗುಂಡಿಯಾಗುತ್ತದೆ. ದೂರದ ಬೆಟ್ಟ ಕಾಣದು, ಆದ್ದರಿಂದ ದಿಕ್ಸೂಚಿಯನ್ನೇ ನಂಬಬೇಕು, ಕಾಲಡಿಯ ಏರಿಳಿತವನ್ನು ಪಾದದಿಂದಲೇ ಓದಬೇಕು. ಬಾವುಟದ ಹತ್ತಿರ ಕಟ್ಟಿದ ಪ್ರತಿಫಲಕ ಫಳ್ಳನೆ ಹೊಳೆದಾಗ ಆಗುವ ಸಂತೋಷವನ್ನು ಹಗಲಿನ ಯಾವ ಕಂಟ್ರೋಲೂ ಕೊಟ್ಟಿಲ್ಲ. ಹೊಸಬರು ಇಬ್ಬಿಬ್ಬರಾಗಿ ಹೋಗಿ, ಇನ್ನೊಂದು ದೀಪ ಜೇಬಿನಲ್ಲಿರಲಿ.

ದಾರಿ ಹಾಕೋ ಕೆಲಸ ನಾನೂ ಕಲೀಬಹುದಾ?

ಕಲಿಯಿರಿ. ಎರಡು ವರ್ಷ ಓಡಿದವರೆಲ್ಲರೂ ಒಂದು ಮಂಗಳವಾರದ ಅಭ್ಯಾಸಕ್ಕಾದರೂ ದಾರಿ ಹಾಕಬೇಕು. ಕಂಟ್ರೋಲನ್ನು ಬಚ್ಚಿಡಬಾರದು, ಇದು ಮೊದಲ ಪಾಠ. ಸರಿಯಾಗಿ ನಕ್ಷೆ ಓದಿ ಬಂದವರಿಗೆ ಬಾವುಟ ಎದುರಿಗೇ ಕಾಣಬೇಕು. ಕಷ್ಟ ಇರಬೇಕಾದ್ದು ಅಲ್ಲಿಗೆ ಬರುವ ದಾರಿಯಲ್ಲಿ. ಮುಂಚೆಯೇ ಕಾಡಿಗೆ ಹೋಗಿ ಪ್ರತಿ ಜಾಗಕ್ಕೂ ಗುರುತಿನ ಪಟ್ಟಿ ಕಟ್ಟಿ ಬನ್ನಿ, ಇನ್ನೊಬ್ಬರು ಬೇರೆಯಾಗಿ ಹೋಗಿ ಅದನ್ನು ಪರೀಕ್ಷಿಸಲಿ. ಈ ಎರಡನೆಯ ಕಣ್ಣನ್ನು ಬಿಡಲೇಬೇಡಿ. ನಾನು ಒಮ್ಮೆ ಆತುರಕ್ಕೆ ಬಿಟ್ಟೆ, ಏಳನೇ ಬಾವುಟ ನಲವತ್ತು ಮೀಟರ್ ಆಚೆಯ ಬಂಡೆಗೆ ಬಿತ್ತು. ಹದಿನೆಂಟು ಜನ ಚಳಿಯಲ್ಲಿ ಹುಡುಕಿದರು. ಪ್ರತಿಯೊಬ್ಬರ ಹತ್ತಿರವೂ ಹೋಗಿ ಕ್ಷಮೆ ಕೇಳಿದೆ.

ಊರಲ್ಲೂ ಇದನ್ನ ಶುರು ಮಾಡಬಹುದಾ? ಮಲೆನಾಡಲ್ಲಿ ಕಾಡಿಗೇನು ಕಡಿಮೆ?

ಕಾಡಿಗೆ ಕಡಿಮೆಯಿಲ್ಲ, ಆದರೆ ಕಾಡಿನಿಂದ ಶುರು ಮಾಡಬೇಡಿ. ನಮ್ಮಲ್ಲಿ ಸರ್ವರ ಹಕ್ಕಿನಂಥದ್ದಿಲ್ಲ, ಮೀಸಲು ಅರಣ್ಯಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಆನೆ, ಕಾಟಿ ಓಡಾಡುವ ಜಾಗದಲ್ಲಿ ಒಂಟಿಯಾಗಿ ಓಡುವ ಆಟ ಸಲ್ಲದು, ಮಂಗನ ಕಾಯಿಲೆಯ ಕಾಲದಲ್ಲಂತೂ ಬೇಡವೇ ಬೇಡ. ಶಾಲೆಯ ಆವರಣ, ಕಾಲೇಜಿನ ಮೈದಾನ, ಒಡೆಯರು ಒಪ್ಪಿದ ತೋಟ, ಪೇಟೆಯ ಓಣಿಗಳು ಸಾಕು. ಪೇಟೆಯಲ್ಲಿ ಓಡುವ ಸ್ಪ್ರಿಂಟ್ ಓರಿಯೆಂಟಿಯರಿಂಗ್ 1:4,000 ಅಳತೆಯ ನಕ್ಷೆಯಲ್ಲಿ ನಡೆಯುತ್ತದೆ, ಅದಕ್ಕೂ ವಿಶ್ವ ಚಾಂಪಿಯನ್‌ಷಿಪ್ ಇದೆ. ನಕ್ಷೆ ಬರೆಯಲು ಓಪನ್ ಓರಿಯೆಂಟಿಯರಿಂಗ್ ಮ್ಯಾಪರ್, ದಾರಿ ಹಾಕಲು ಪರ್ಪಲ್ ಪೆನ್ ಎಂಬ ತಂತ್ರಾಂಶಗಳು ಉಚಿತ. ಚಿಪ್ ಇಲ್ಲದಿದ್ದರೆ ಪ್ರತಿ ಕಂಟ್ರೋಲಿನಲ್ಲಿ ಒಂದೊಂದು ಅಕ್ಷರ ಬರೆದಿಟ್ಟರೆ ಆಯಿತು.

ಹಿಂದಿನ ಡಿಸೆಂಬರಿನಲ್ಲಿ ನಾನು ಓದಿದ ಪ್ರಾಥಮಿಕ ಶಾಲೆಯ ಅಂಗಳವನ್ನು ಎರಡು ದಿನ ಅಳೆದು ನಕ್ಷೆ ಬರೆದೆ: ಬಾವಿ, ಧ್ವಜಕಟ್ಟೆ, ಹಲಸಿನ ಮರ, ಬಿಸಿಯೂಟದ ಕೋಣೆ, ಮುರಿದ ಕಾಂಪೌಂಡು. ಹತ್ತು ಜಾಗದಲ್ಲಿ ಕಿತ್ತಳೆ ಬಟ್ಟೆ ಕಟ್ಟಿದೆವು, ಅಕ್ಷರಗಳನ್ನು ಕೂಡಿಸಿದರೆ ಊರಿನ ಹೆಸರು ಬರುವಂತೆ. ಐದನೇ ತರಗತಿಯ ಮಕ್ಕಳು ಇಬ್ಬಿಬ್ಬರಾಗಿ ಹೊರಟರು. ಎಲ್ಲರೂ ಬಂದ ಮೇಲೂ ಪಟ್ಟಿಯಲ್ಲಿ ಒಂದು ಜೋಡಿ ಬಾಕಿಯಿತ್ತು. ಊಟದ ಗಂಟೆ ಹೊಡೆಯಿತು. ಮೇಷ್ಟರು, ನಾನು, ಉಳಿದ ಮಕ್ಕಳು ತಟ್ಟೆ ಹಿಡಿದುಕೊಂಡು ಹಲಸಿನ ಮರದ ಕೆಳಗೆ ಕಾದೆವು. ಹತ್ತು ನಿಮಿಷದ ಮೇಲೆ ಇಬ್ಬರೂ ಕಾಂಪೌಂಡಿನ ಹಿಂದಿನಿಂದ ಬಂದರು, ನಕ್ಷೆ ಎರಡು ತುಂಡಾಗಿತ್ತು, ಹತ್ತೂ ಅಕ್ಷರ ಬರೆದುಕೊಂಡು ಬಂದಿದ್ದರು.